ಆರನೇ ಪ್ರಶ್ನೆ

ಮಾರ್ಚ್ 3, ಮಧ್ಯಾಹ್ನ

ಎಂಟು ಕುರ್ಚಿಯಲ್ಲಿ ಏಳು ಭರ್ತಿ. ಕಷ್ಟದಲ್ಲಿ ಬಂದವರು ಒಂದೆರಡು ದಿನ ಉಳಿಯೋ ನಮ್ಮ ಸೆಂಟರಲ್ಲಿ ಮಂಚ ಇಲ್ಲ, ಒರಗೋ ಕುರ್ಚಿಗಳು ಅಷ್ಟೆ. ಕುಡಿತ ಬಿಟ್ಟು ನಡುಗ್ತಾ ಬಂದವರು, ಬದುಕೇ ಸಾಕಾಗಿ ಬಂದವರು — ಎಲ್ಲರಿಗೂ ಮೊದಲು ಕಂಬಳಿ, ಆಮೇಲೆ ಒಂಬತ್ತು ಪ್ರಶ್ನೆ. ಇವತ್ತು ಹೊಸ ನರ್ಸ್ ಕೇಳಿದಳು. ಗಂಟಲಿಂದ ದನಿಯೇ ಹೊರಡಲ್ಲ, ಪಿಸುಮಾತು ಅಂತ ಹೆಸರಿಟ್ಟಿದ್ದೀನಿ. ಆರನೇದಕ್ಕೆ ಬಂದವಳು, ಸಾಯೋ ಯೋಚನೆ ಗೀಚನೆ ಏನೂ ಇಲ್ಲ ತಾನೇ ಅಂದಳು. ಎದುರಿಗಿದ್ದ ಲಾರಿ ಡ್ರೈವರ್ ಇಲ್ಲ ಅಂದುಬಿಟ್ಟ. ಇನ್ನೇನು ಅಂತಾನೆ, ಪಾಪ. ನಾನು ಮುಖ ನೋಡಿ ನೆಟ್ಟಗೆ ಕೇಳಿದೆ, ಸಾಯಬೇಕು ಅನ್ನಿಸ್ತಿದೆಯಾ ಅಂತ. ಹೂಂ ಅಂದ. ಅತ್ತ.

ಅವಳನ್ನ ಹೊರಗೆ ಕರೆದು ಬೈದೆ. ಉತ್ತರ ನಾವೇ ಬಾಯಿಗೆ ತುರುಕಿದ್ರೆ ಅವರು ನುಂಗಿಕೊಂಡು ಮನೆಗೆ ಹೋಗ್ತಾರೆ. ಹನ್ನೊಂದು ವರ್ಷದಿಂದ ಕೇಳ್ತಿದ್ದೀನಿ, ಕೇಳಿದ್ದಕ್ಕೆ ಯಾರೂ ಸತ್ತಿಲ್ಲ.

ಮಾರ್ಚ್ 5

ಅಕ್ಕನ ಮನೆಗೆ ಹೋಗಿದ್ದೆ. ಭಾವ ತೀರಿಕೊಂಡು ಎಂಟು ತಿಂಗಳು. ಕಿಟಕಿ ಪಕ್ಕ ಖಾಲಿ ಖಾಲಿ — ಹೊಲಿಗೆ ಮೆಷಿನ್ ಇಲ್ಲ! ಎದುರುಮನೆಯವಳಿಗೆ ಕೊಟ್ಟಳಂತೆ, ಸುಮ್ನೆ. ನನ್ನ ಸ್ಕೂಲ್ ಯೂನಿಫಾರಂ ಹೊಲಿದ ಮೆಷಿನ್. ನನಗೇ ಮುಟ್ಟೋಕೆ ಬಿಡ್ತಿರಲಿಲ್ಲ.

ಪ್ರಾಣಕ್ಕಿಂತ ಹೆಚ್ಚಾಗಿದ್ದನ್ನ ಹೀಗೆ ಕೊಟ್ಟುಬಿಡೋದು ಅಂದ್ರೇನು ಅಂತ ನನಗೆ ಗೊತ್ತಿಲ್ವಾ? ಸಾಯೋಕೆ ಮನಸ್ಸು ಮಾಡಿದವರ ಲಕ್ಷಣ ಅದು. ಊಟ ಸೇರುತ್ತಾ, ನಿದ್ದೆ ಬರುತ್ತಾ... ಮಾತಿನ ಮಧ್ಯೆ ಐದು ಪ್ರಶ್ನೆ ಮುಗಿಸಿದೆ. ಆರನೇದಕ್ಕೆ ಬಂದು, "ಅಂಥದ್ದೇನೂ ಇಲ್ಲ ತಾನೇ ಅಕ್ಕಾ?" ಅಂದೆ. ಇಲ್ಲ ಕಣೇ ಅಂದಳು. ನನಗೆ ಸಮಾಧಾನ ಬೇರೆ ಆಯ್ತು. ಥೂ.

ಮಾರ್ಚ್ 6

ಪಿಸುಮಾತು ಇವತ್ತು ಸರಿಯಾಗಿ ಕೇಳಿದಳು, ಮುಖ ನೋಡಿ. ಆಮೇಲೆ ನನ್ನ ಕಡೆ ತಿರುಗಿ ನಕ್ಕಳು. ನಾಚಿಕೆ ಆಯ್ತು. ಊರಿಗೆಲ್ಲ ಬುದ್ಧಿ ಹೇಳೋಳು ನಾನು. ಅಕ್ಕ ಹೂಂ ಅಂದುಬಿಟ್ರೆ? ಅದೊಂದೇ ಭಯ. ಅವ್ವ ಹೋದ ಮೇಲೆ ನನ್ನನ್ನ ಸಾಕಿದವಳು. ಅವಳಿಲ್ಲದ ಒಂದು ದಿನಾನೂ ನಾನು ಕಂಡಿಲ್ಲ.

ಮಾರ್ಚ್ 9, ಸಂಜೆ

ಎರಡು ಸಲ ಅಕ್ಕನ ಬಾಗಿಲವರೆಗೆ ಹೋಗಿ, ಹಣ್ಣು ಕೊಟ್ಟು ವಾಪಸ್ ಬಂದಿದ್ದೆ. ಹೇಡಿ.

ಇವತ್ತು ಕೂತೆ. ಬಟಾಣಿ ಸುಲಿತಿದ್ದಳು. ಬುಟ್ಟಿ ಕಿತ್ತು ಪಕ್ಕಕ್ಕಿಟ್ಟೆ.

"ಅಕ್ಕಾ, ಸಾಯಬೇಕು ಅನ್ನಿಸ್ತಿದೆಯಾ?"

ಉಗುರಲ್ಲಿದ್ದ ಬಟಾಣಿ ಸಿಪ್ಪೆ ಕೆರೆದು ತೆಗೆದಳು. "ಹೂಂ. ಮೊನ್ನೆ ಇಲ್ಲ ಅಂದಿದ್ದು ನಿನಗೋಸ್ಕರ. ನಿನ್ನ ಮುಖ ನೋಡೋಕಾಗ್ತಿರಲಿಲ್ಲ."

ಬಿಕ್ಕಿ ಬಿಕ್ಕಿ ಅತ್ತೆ. ಹನ್ನೊಂದು ವರ್ಷದ ಸರ್ವೀಸ್ ಮಣ್ಣುಪಾಲು. ಅವಳೇ ಅಂಗೈಯಲ್ಲಿ ನನ್ನ ಕಣ್ಣು ಒರೆಸಿದಳು. ಬಟಾಣಿ ಫ್ರಿಜ್ಜಿಗೆ ಹಾಕಿ ಇಬ್ಬರೂ ಸೆಂಟರಿಗೆ ಆಟೋ ಹತ್ತಿದ್ವಿ.

ನಮ್ಮವರನ್ನ ನಾವೇ ಕೇಳೋ ಹಾಗಿಲ್ಲ, ಅದು ರೂಲ್. ಒಂಬತ್ತೂ ಪಿಸುಮಾತು ಕೇಳಿದಳು. ನಾನು ಬಾಗಿಲಾಚೆ ನಿಂತಿದ್ದೆ. ಆರನೇದು ಮಾತ್ರ ಆಚೆವರೆಗೂ ಸ್ಪಷ್ಟವಾಗಿ ಕೇಳಿಸ್ತು. ಭಲೇ ಹುಡುಗಿ.

ಮಾರ್ಚ್ 10, ಬೆಳಗ್ಗೆ 10

ಅಕ್ಕ ಮೂರನೇ ಕುರ್ಚಿ. ಚೆನ್ನಾಗಿ ನಿದ್ದೆ ಮಾಡಿದ್ದಾಳೆ. ಡಾಕ್ಟರ್ ಮಾತಾಡಿದ್ರು — ಔಷಧಿ, ವಾರವಾರ ಬರಬೇಕು, ಸದ್ಯಕ್ಕೆ ಒಂಟಿಯಾಗಿ ಬಿಡೋ ಹಾಗಿಲ್ಲ. ನನ್ನ ಮನೇಲೇ ಇರ್ತಾಳೆ. ಒಂದೇ ದಿನಕ್ಕೆ ಸರಿಹೋಗೋದಲ್ಲ, ಗೊತ್ತು.

ಎದ್ದವಳೇ ಕಿಟಕಿ ಪರದೆಯ ಅಂಚು ಹಿಡಿದು ನೋಡಿದಳು. ಯಾವ ಪುಣ್ಯಾತ್ಮ ಹೊಲಿದಿದ್ದು ಇದನ್ನ ಅಂತ ಬೈದಳು. ಸೂಜಿ ಕೊಡು ಅಂದಳು. ಇಲ್ಲಿ ಸೂಜಿ ಒಳಗೆ ಬಿಡಲ್ಲ ಅಕ್ಕಾ ಅಂದೆ. ಕಾಫಿ ಮುಗಿಸಿದಳು.

"ಎದುರುಮನೆಯವಳಿಗೆ ಫೋನ್ ಮಾಡು. ಮೆಷಿನ್ ವಾಪಸ್ ಬೇಕು ಅನ್ನು."

ಕಿವೀಲಿ ಫೋನ್, ಇನ್ನೊಂದು ಕೈಯಲ್ಲಿ ಇದನ್ನ ಬರೀತಿದ್ದೀನಿ. ಅಕ್ಕ ಅಲ್ಲಿಂದಲೇ ನೋಡ್ತಿದ್ದಾಳೆ. ರಿಂಗ್ ಆಗ್ತಿದೆ... ಹಾಂ, ಎತ್ತಿದಳು —