ಐದನೇ ನಂಬರಿನ ಹುಡುಗಿ

ಕುಮಟಾ, ಆಸ್ಪತ್ರೆಯಿಂದ

ಅಪ್ಪಯ್ಯಾ,

ದವಡೆಗೆ ತಂತಿ ಕಟ್ಟಿದ್ದಾರೆ, ಮಾತಾಡಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ವರ್ಷ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಎಲ್ಲರೂ ಹೊಸಬರು. ಸೋಲುತ್ತಲೇ ಕಲಿಯಬೇಕು ಎಂದು ಕೋಚ್ ಮೊದಲೇ ಹೇಳಿದ್ದರು. ನೀನು ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಹೊನ್ನಾವರದಲ್ಲಿ ಸೋತ ದಿನ ನೀನು ಬೆಲ್ಟು ಬಿಚ್ಚಿದೆ. ಕುಮಟಾದಲ್ಲಿ, ನಮ್ಮದೇ ಕೋರ್ಟಿನಲ್ಲಿ ಸೋತಾಗ ನನ್ನ ತಲೆಯನ್ನು ಗೋಡೆಗೆ ಬಡಿದೆ. ಭಟ್ಕಳದಲ್ಲಿ ಸೋತು ಬಂದ ಸಂಜೆ "ಎಂತಕ್ಕೆ ಬಾಲ್ ಬಿಟ್ಟೆ?" ಎನ್ನುತ್ತ ನಿನ್ನ ಬೈಕಿನ ಹೆಲ್ಮೆಟ್ಟಿನಿಂದ ಮುಖಕ್ಕೆ ಹೊಡೆದೆ. ನನ್ನ ಎರಡು ಹಲ್ಲು ಅಂಗಳದಲ್ಲೇ ಬಿದ್ದವು.

ಭಟ್ಕಳದ ಐದನೇ ನಂಬರಿನ ಹುಡುಗಿ ಮೊಣಕೈಯಲ್ಲಿ ಗುದ್ದಿ ನನ್ನ ದವಡೆ ಮುರಿದಳೆಂದು ದೂರು ಕೊಟ್ಟವನೂ ನೀನೇ.

ಆ ಹುಡುಗಿ ರಿಫಾ ನಿನ್ನೆ ತನ್ನ ತಾಯಿಯ ಜೊತೆ ಇಲ್ಲಿಗೆ ಬಂದಿದ್ದಳು. ಅವಳನ್ನು ತಂಡದಿಂದ ತೆಗೆದಿದ್ದಾರಂತೆ. ಆಟದಲ್ಲಿ ಅವಳ ಮೊಣಕೈ ತಾಗಿದ್ದು ನಿಜ. ತನ್ನಿಂದಲೇ ಹೀಗಾಯಿತೆಂದು ನಂಬಿ ಬಿಕ್ಕಿ ಬಿಕ್ಕಿ ಅತ್ತಳು. 'ನೀನಲ್ಲ' ಎಂದು ಕಾಗದದ ಮೇಲೆ ಬರೆದು ತೋರಿಸಿದೆ.

"ಮತ್ತೆ ಯಾರು?" ಎಂದು ಕೇಳಿದಳು.

ನಿನ್ನೆದುರು ಎಂದೂ ಬಾಯಿ ಬಿಡದ ಅಮ್ಮ ನನ್ನ ಪಕ್ಕದಲ್ಲಿ ಕೂತಿದ್ದಳು. ನಾನು ಪೆನ್ನು ಊರುವ ಮೊದಲೇ "ಇವಳ ಅಪ್ಪ" ಎಂದಳು.

ಇನ್ನು ನಾವಿಬ್ಬರೂ ಮನೆಗೆ ಬರುವುದಿಲ್ಲ. ನನ್ನ ಶೂಗಳನ್ನು ಕೋಚ್ ಕೈಯಲ್ಲಿ ಕಳಿಸು. ಹೆಲ್ಮೆಟ್ ಹುಡುಕಬೇಡ. ಅಮ್ಮ ಅದನ್ನು ತೊಳೆಯದೆ ತಂದು ಪೊಲೀಸರಿಗೆ ಕೊಟ್ಟಿದ್ದಾಳೆ.

ಇತಿ,
ನಿಸರ್ಗಾ