ಬೋಟಿನಿಂದ ಇಳಿಸಿದ ಇನ್ವರ್ಟರ್

ಅಣ್ಣನಿಗೆ,

ಸುಮನಾಳ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆದು ಶುರು ಮಾಡುವುದು ವಾಡಿಕೆ. ಸೋಮವಾರ ಬೆಳಿಗ್ಗೆಯವರೆಗೆ ನಾನೂ ಕ್ಷೇಮವಾಗಿಯೇ ಇದ್ದೆ. ಅಂದು ಕೆಲಸಕ್ಕೆಂದು ಹಾರೋಬೆಲೆ ಹಿನ್ನೀರಿನ ದಡಕ್ಕೆ ಹೋದಾಗ ನಮ್ಮ ಬೋಟು ಓಡಿಸುವ ನರಸಯ್ಯ, ಹಿಂದಿನ ದಿನ ನೀನು ಬಂದು ಹೋದ ಸುದ್ದಿ ಹೇಳಿದ.

"ನಿಮ್ಮಣ್ಣಾವ್ರು ಬಂದಿದ್ರು ಅಕ್ಕ. ಬೋಟೊಳಗೆ ಇಣುಕಿ ನೋಡುದ್ರು. ಆ ಪೆಟ್ಗೆ ಎಲ್ಲೋಯ್ತು ಅಂದ್ರು. ಬಿಚ್ಚಾಕವ್ರೆ ಅಂದೆ. ಅಂಗೇ ಒಂಟೋಗ್ಬುಟ್ರು."

ಭಾನುವಾರ ನಾನು ಇವರ ಜೊತೆ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ಚನ್ನಪಟ್ಟಣದಿಂದ ಅಷ್ಟು ದೂರ ಬಂದವನು ದಡದಿಂದಲೇ ಹಿಂದಕ್ಕೆ ಹೋದೆ. ಕೋಡಿಹಳ್ಳಿ ರಸ್ತೆಯಲ್ಲೇ ಇರುವ ನಮ್ಮ ಮನೆಗೂ ಬರಲಿಲ್ಲ. ನಿನ್ನ ಮನಸ್ಸಿನಲ್ಲಿ ಏನು ಓಡಿತೆಂದು ನನಗೆ ಗೊತ್ತು. ತವರಿನಿಂದ ಕಳಿಸಿದ್ದನ್ನು ಇವಳು ಕಿತ್ತು ಹಾಕಿದ್ದಾಳೆ, ಇನ್ನೂ ಕೋಪ ಇಳಿದಿಲ್ಲ ಎಂದುಕೊಂಡೆ, ಅಲ್ಲವೇ? ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತುತ್ತೀಯೋ ಇಲ್ಲವೋ. ಎತ್ತಿದರೂ ಬರೀ "ಹೂಂ" ಅನ್ನುತ್ತೀಯ, ಎರಡನೇ ಹೂಂಗೆ ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಈ ಕಾಗದ. ಇದನ್ನು ಕೊನೆಯವರೆಗೆ ಓದು.

ಮೊದಲು ಹಳೆಯದನ್ನು ಮುಗಿಸಿಬಿಡುತ್ತೇನೆ. ಅಪ್ಪನ ಜಮೀನಿನಲ್ಲಿ ನಾನು ಪಾಲು ಕೇಳಿದೆ, ನಿನಗೆ ನೋವಾಯಿತು. ಕೇಳಿದ್ದು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ. ನೀನೂ ಕೊನೆಗೆ ನ್ಯಾಯವಾಗಿಯೇ ಕೊಟ್ಟೆ. ಆದರೆ ಜಮೀನಿನ ಜೊತೆ ಮಾತನ್ನೂ ಭಾಗ ಮಾಡಿಕೊಂಡವರ ಹಾಗೆ ನೀನು ನಿನ್ನದನ್ನು ಇಟ್ಟುಕೊಂಡೆ, ನಾನು ನನ್ನದನ್ನು ಇಟ್ಟುಕೊಂಡೆ. ಮೂರು ಗೌರಿ ಹಬ್ಬ ತವರಿನ ಬಾಗಿನವಿಲ್ಲದೆ ಕಳೆಯಿತು. ಓರಗಿತ್ತಿಯರ ಮನೆಗೆಲ್ಲ ಅವರ ಅಣ್ಣತಮ್ಮಂದಿರು ಮೊರ ಹಿಡಿದು ಬರುತ್ತಿದ್ದರೆ ನಾನು ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ನೆವ ಮಾಡಿಕೊಂಡು ಸಾಕಣೆ ಮನೆಯೊಳಗೆ ಕೂತಿರುತ್ತಿದ್ದೆ.

ಹೋದ ಗೌರಿ ಹಬ್ಬಕ್ಕೆ ನಿನ್ನ ಇನ್ವರ್ಟರ್ ಅಂಗಡಿಯ ವ್ಯಾನು ನಮ್ಮ ಬಾಗಿಲಿಗೆ ಬಂದು ನಿಂತಿತು. ನಿನ್ನ ಕೆಲಸದ ಹುಡುಗ ಆಫ್ತಾಬ್ ಇಳಿದ. ಮೊರ, ಬಳೆ, ರವಿಕೆ ಕಣ, ತೆಂಗಿನಕಾಯಿ, ಎಲ್ಲದರ ಹಿಂದೆ ಅರಿಶಿನ ಕುಂಕುಮ ಇಟ್ಟ ದೊಡ್ಡ ರಟ್ಟಿನ ಪೆಟ್ಟಿಗೆ. ಬಂಧುಬಳಗದಲ್ಲಿ ಯಾರ ಮದುವೆಯಾದರೂ ಗೃಹಪ್ರವೇಶವಾದರೂ ನಿನ್ನಿಂದ ಹೋಗುವುದು ಇನ್ವರ್ಟರೇ ಎಂದು ನಾವೆಲ್ಲ ನಗುತ್ತಿದ್ದೆವಲ್ಲ, ಅಂದು ನಾನು ನಗಲಿಲ್ಲ.

"ಬೋಟಲ್ಲಿ ಕಂಪ್ಯೂಟರ್ ಇಟ್ಕೊಂಡು ಕೆಲ್ಸ ಮಾಡ್ತದಂತೆ ನನ್ ತಂಗಿ, ನಡುವಲ್ಲಿ ಕರೆಂಟ್ ಓಗ್ಬಾರ್ದು ಅಂದವ್ರೆ ಅಣ್ಣ," ಎಂದ ಆಫ್ತಾಬ್.

ನನ್ನ ಕೆಲಸ ಏನೆಂದು ನೀನು ಯಾರನ್ನೋ ಕೇಳಿ ತಿಳಿದುಕೊಂಡಿದ್ದೆ. ಅದೇ ನನಗೆ ಸಾಕಾಯಿತು. ಆದರೆ ಬೋಟಿನಲ್ಲಿರುವ ಬ್ಯಾಟರಿ ಎಷ್ಟರದು, ಎಷ್ಟು ಹೊತ್ತು ಎಳೆಯುತ್ತದೆ ಎಂಬುದು ನಿನಗೆ ಹೇಗೆ ಗೊತ್ತಾಗಬೇಕು? ನಾವು ಮಾತಾಡುತ್ತಿದ್ದರೆ ನೀನು ಕೇಳುವ ಮೊದಲ ಪ್ರಶ್ನೆಯೇ ಅದಾಗಿರುತ್ತಿತ್ತು. ಮಾತಿರಲಿಲ್ಲ, ಹಾಗಾಗಿ ಅಂಗಡಿಯಲ್ಲಿರುವ ಎಲ್ಲಕ್ಕಿಂತ ದೊಡ್ಡದನ್ನು ಕಳಿಸಿದೆ. ನಾನೂ ಫೋನ್ ಮಾಡಿ ಕೇಳಲಿಲ್ಲ. "ತಲುಪಿತು ಅಂತ ಹೇಳಪ್ಪ" ಎಂದು ಆಫ್ತಾಬನ ಕೈಯಲ್ಲಿ ಹೇಳಿ ಕಳಿಸಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು, ಬಿಗುಮಾನಕ್ಕೆ ಇಬ್ಬರಲ್ಲೂ ಕೊರತೆಯಿಲ್ಲ.

ಈಗ ಬೋಟಿನ ವಿಷಯ. ನೀರಿನ ತಳದಲ್ಲಿ ಎಷ್ಟು ಹೂಳು ತುಂಬಿದೆ ಎಂದು ನಾವು ಅಳೆಯುತ್ತೇವೆ. ನೀರಿಗಿಳಿಸಿದ ಯಂತ್ರದಿಂದ ಆಳದ ಲೆಕ್ಕ ನೇರ ಲ್ಯಾಪ್‌ಟಾಪಿಗೆ ಬರುತ್ತದೆ. ಲ್ಯಾಪ್‌ಟಾಪ್ ಆರಿದರೆ ಆ ಸಾಲನ್ನು ದಡದಿಂದ ದಡಕ್ಕೆ ಮತ್ತೆ ಅಳೆಯಬೇಕು. ಕಂಪನಿ ಕೊಟ್ಟಿರುವುದು ಹಳೆಯ ಲ್ಯಾಪ್‌ಟಾಪ್, ಅದರ ಸ್ವಂತ ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಬೋಟಿನಲ್ಲಿ ಆಗ ಇದ್ದದ್ದು ಹನ್ನೆರಡು ವೋಲ್ಟಿನ ಒಂದೇ ಬ್ಯಾಟರಿ. ಎಂಜಿನ್ ಸ್ಟಾರ್ಟ್ ಆಗಬೇಕಾದದ್ದೂ ಅದರಿಂದಲೇ. ಎಳೆದು ಸ್ಟಾರ್ಟ್ ಮಾಡುವ ಹಗ್ಗ ಯಾವತ್ತೋ ತುಂಡಾಗಿತ್ತು. ಅಲುಗಾಡಿದರೆ ಅಳತೆ ತಪ್ಪುತ್ತದೆಂದು ಅಲ್ಲಲ್ಲಿ ಎಂಜಿನ್ ನಿಲ್ಲಿಸುತ್ತೇವೆ. ಆಗ ಬ್ಯಾಟರಿಯಿಂದ ಕರೆಂಟು ಹೋಗುವುದೇ ಹೊರತು ಅದಕ್ಕೆ ಬರುವುದಿಲ್ಲ.

ಇದರ ಮೇಲೆ ನಿನ್ನ ಇನ್ವರ್ಟರನ್ನು ಕೂರಿಸಿದೆ. ನಿನಗೆ ಪಾಠ ಹೇಳುವಷ್ಟು ನಾನು ದೊಡ್ಡವಳಲ್ಲ, ಆದರೂ ಲೆಕ್ಕ ಒಪ್ಪಿಸಬೇಕು. ಇನ್ವರ್ಟರ್ ಬ್ಯಾಟರಿಯ ಹನ್ನೆರಡು ವೋಲ್ಟನ್ನು ಇನ್ನೂರ ಮೂವತ್ತಕ್ಕೆ ಏರಿಸುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಅದನ್ನು ಮತ್ತೆ ಇಪ್ಪತ್ತಕ್ಕೆ ಇಳಿಸುತ್ತದೆ. ರಾಮನಗರದಿಂದ ಚನ್ನಪಟ್ಟಣಕ್ಕೆ ಹೊರಟವನು ಬೆಂಗಳೂರಿಗೆ ಹೋಗಿ ತಿರುಗಿ ಬಂದ ಹಾಗೆ. ಏರುವಾಗ ಒಂದಿಷ್ಟು, ಇಳಿಯುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಅದು ಸಾಲದೆಂದು ಒಂದು ಮನೆಗೇ ಬೆಳಕು ಕೊಡಬಲ್ಲ ಆ ಪೆಟ್ಟಿಗೆ ಒಂದು ಲ್ಯಾಪ್‌ಟಾಪನ್ನು ಸಾಕಲು ತಾನೂ ದಿನವಿಡೀ ತಿನ್ನುತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿಟ್ಟಾಗಲೂ ಅದರ ಫ್ಯಾನು ತಿರುಗುತ್ತಲೇ ಇರುತ್ತಿತ್ತು.

ಇದು ನನಗೆ ಮೊದಲ ವಾರದಲ್ಲೇ ತಿಳಿದಿತ್ತು. ಆದರೂ ಇಳಿಸಲಿಲ್ಲ. ದಡದಲ್ಲಿ ಯಾರು ಕೇಳಿದರೂ "ನಮ್ಮಣ್ಣ ಗೌರಿ ಹಬ್ಬಕ್ಕೆ ಕಳಿಸಿದ್ದು" ಎನ್ನುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ. ನನ್ನ ಜೊತೆ ಕೆಲಸ ಮಾಡುವ ಸಾನಾ, "ಇದನ್ನ ಬಿಟ್ಟು ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಡೋದು ಸಿಗ್ತದೆ ಅಕ್ಕ, ಒಂದು ಹಿಡಿಯಷ್ಟು ಇರ್ತದೆ" ಎಂದು ಎರಡು ಸಲ ಹೇಳಿದಳು. ಬಾಗಿನವಾಗಿ ಬಂದದ್ದನ್ನು ಬಾಗಿಲ ಹೊರಗಿಡುವುದುಂಟೇ ಎಂದು ಅವಳನ್ನು ಗದರಿದೆ. ಪಾಪ, ಆ ಹುಡುಗಿಗೆ ನಮ್ಮ ಕಥೆ ಏನು ಗೊತ್ತು.

ಹೋದ ತಿಂಗಳು ಒಂದು ದಿನ ಹಿನ್ನೀರಿನ ನಟ್ಟನಡುವೆ ಎಂಜಿನ್ ನಿಲ್ಲಿಸಿ ಅಳತೆ ತೆಗೆಯುತ್ತಿದ್ದೆವು. ಸಂಜೆಯಾಗುತ್ತಿತ್ತು. ಮೊದಲು ಇನ್ವರ್ಟರ್ ಕೀಂ ಎಂದು ಕೂಗಿ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ಆರಿತು. ನರಸಯ್ಯ ಗುಂಡಿ ಒತ್ತಿದರೆ ಎಂಜಿನ್ನು ಕಟ್ ಕಟ್ ಎಂದಿತೇ ಹೊರತು ತಿರುಗಲಿಲ್ಲ. ಗಾಳಿ ನಮ್ಮನ್ನು ಮುಳುಗಿದ ಮರಗಳ ತುದಿಗಳಿರುವ ಕಡೆಗೆ ತಳ್ಳುತ್ತಿತ್ತು, ತಗುಲಿದರೆ ಬೋಟು ಮಗುಚುತ್ತದೆ. ಸಾನಾಗೆ ಈಜು ಬಾರದು. ಕೊನೆಗೆ ಮೀನು ಹಿಡಿಯುವವರು ನರಸಯ್ಯನ ಕೂಗು ಕೇಳಿ ತೆಪ್ಪದಲ್ಲಿ ಬಂದು ಬೋಟನ್ನು ದಡಕ್ಕೆ ಎಳೆದು ತಂದರು.

ಮಾರನೆಯ ದಿನ ಇನ್ವರ್ಟರನ್ನು ನಾನೇ ಬಿಚ್ಚಿದೆ. ಬಿಚ್ಚುವಾಗ ಅತ್ತದ್ದೂ ನಿಜ, ನರಸಯ್ಯ ನೋಡಿಯೂ ನೋಡದವನಂತೆ ಆಚೆ ಹೋದ. ಈಗ ಹನ್ನೆರಡನ್ನು ನೇರವಾಗಿ ಇಪ್ಪತ್ತು ಮಾಡುವ ಪುಟ್ಟ ಕನ್ವರ್ಟರ್ ಹಾಕಿದ್ದೇನೆ, ಏರಿ ಇಳಿಯುವ ರಗಳೆಯಿಲ್ಲ. ಎಂಜಿನ್ನಿಗೆ ಬೇರೆ ಬ್ಯಾಟರಿ, ಲ್ಯಾಪ್‌ಟಾಪಿಗೆ ಬೇರೆ. ಪರದೆಯ ಬೆಳಕು ತಗ್ಗಿಸಿಡುತ್ತೇವೆ. ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯುವ ಮೊದಲೇ ಕೆಲಸ ನಿಲ್ಲಿಸುತ್ತೇವೆ. ಬೆಳಿಗ್ಗೆ ಹಾಕಿದ ಚಾರ್ಜು ಸಂಜೆಯವರೆಗೆ ಬರುತ್ತದೆ, ಆಮೇಲೂ ಮಿಗುತ್ತದೆ.

ನಿನ್ನ ಇನ್ವರ್ಟರನ್ನು ಬಿಸಾಕಿಲ್ಲ ಅಣ್ಣ. ಸಾಕಣೆ ಮನೆಯಲ್ಲಿದೆ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಸರಿಯಾಗಿ ನಮ್ಮೂರಲ್ಲಿ ಕರೆಂಟು ಹೋಗುತ್ತದೆ. ಈ ಬೆಳೆಗೆ ಫ್ಯಾನು ಒಂದು ಗಳಿಗೆಯೂ ನಿಲ್ಲಲಿಲ್ಲ. ಭಾನುವಾರ ಮಾರಿದ್ದು ಆ ಗೂಡನ್ನೇ. ನೀನು ಮನೆಗೆ ಬಂದಿದ್ದರೆ ನಮ್ಮತ್ತೆಯೇ ನಿನ್ನ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು, ಅವರಿಗೆ ಅದರ ಮೇಲೆ ಅಷ್ಟು ಅಭಿಮಾನ.

ಇನ್ನು ಒಂದು ಮಾತಿದೆ, ಅದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಂದು ಬೋಟು ಆ ಮರಗಳ ಕಡೆ ಸರಿಯುತ್ತಿದ್ದಾಗ ನಾನು ಫೋನು ತೆಗೆದೆ. ಇವರಿಗೆ ಮಾಡಬೇಕಿತ್ತು, ಕಂಪನಿಯವರಿಗಾದರೂ ಮಾಡಬೇಕಿತ್ತು. ಕೈ ನಿನ್ನ ನಂಬರನ್ನು ಒತ್ತಿತು. ಸಿಗ್ನಲ್ ಇರಲಿಲ್ಲ. ಮತ್ತೆ ಒತ್ತಿದೆ, ಆಗಲೂ ನಿನ್ನದನ್ನೇ. ಸಾನಾ ನನ್ನ ತೋಳು ಹಿಡಿದು, "ಯಾರಿಗೆ ಅಕ್ಕ?" ಎಂದು ಕೇಳಿದಳು. "ನಮ್ಮಣ್ಣಂಗೆ, ಬತ್ತಾನೆ ಇರು," ಎಂದೆ. ಕರೆ ಹೋಗಿಲ್ಲವೆಂದು ಗೊತ್ತಿದ್ದೂ ಹಾಗೆಂದೆ. ಅಷ್ಟು ವರ್ಷ ಮಾತಾಡದೆ ಕೂತಿದ್ದರೂ, ನೀನು ಬರುತ್ತೀಯ ಎಂಬುದರಲ್ಲಿ ನನಗೆ ಆ ಕ್ಷಣ ಒಂದಿಷ್ಟೂ ಅನುಮಾನ ಇರಲಿಲ್ಲ.

ನೀನು ಬಂದೂ ಬಂದೆ, ನಾನು ಇಲ್ಲದ ದಿನ. ನಾನು ಇರುವ ದಿನ ಇನ್ನೊಂದು ಸಲ ಬಾ.

ಕರೆಂಟಿನ ಜೊತೆ ದಿನ ಕಳೆಯುವ ನಿನ್ನ ಕೈಗಳನ್ನು ದೇವರು ಕಾಯಲಿ.

ನಿನ್ನ ತಂಗಿ,
ಸುಮನಾ