ಐಮಂಗಲಳ ತಾಯಿಯನ್ನು ಕರೆಸಿದ್ದಿರಂತೆ

ನಮ್ಮ ಕಾಲೇಜನ್ನು ಗುಡ್ಡ ಹತ್ತಿಸಲು ಆದೇಶ ಹೊರಡಿಸಿರುವ ಮೇಲಧಿಕಾರಿಗಳಿಗೆ,

ಮಾನ್ಯರೇ,

ಹಿರಿಯೂರಿನ ಬಸ್‌ಸ್ಟ್ಯಾಂಡಿನ ಹಿಂದೆ, ತೆಂಗಿನಕಾಯಿ ಮಂಡಿಗೆ ಒರಗಿಕೊಂಡಂತೆ ಇರುವ ನಮ್ಮ ಹೆಣ್ಣುಮಕ್ಕಳ ಕಾಲೇಜನ್ನು ಬರುವ ಸೋಮವಾರದಿಂದ ಊರಾಚೆಯ ಗುಡ್ಡದ ಮೇಲಿನ ಹೊಸ ಕಟ್ಟಡಕ್ಕೆ ಸಾಗಿಸಬೇಕೆಂದು ತಾವು ಆದೇಶಿಸಿದ್ದೀರಿ. ಆ ಗುಡ್ಡಕ್ಕೆ ಬಸ್ಸಿಲ್ಲ. ನನ್ನ ದೂರು ಇಷ್ಟೇ. ಇದನ್ನೇ ಒಂದು ಸಾಲಿನ ಅರ್ಜಿಯಾಗಿ ಬರೆದು ತಮ್ಮ ಕಚೇರಿಗೆ ಕೊಟ್ಟು ಬಂದೆ. "ಪರಿಶೀಲಿಸುತ್ತೇವೆ" ಎಂದರು, ನಾನಿನ್ನೂ ಮೆಟ್ಟಿಲಿಳಿಯುವ ಮೊದಲೇ ಅರ್ಜಿಯ ಮೇಲೆ ಟೀ ಲೋಟ ಕೂತಿತ್ತು. ಮನೆಯಲ್ಲಿ ಕೈಕೂಸಿದೆ. ಕೂಸಿರುವ ಮನೆಯಲ್ಲಿ ನಿದ್ದೆಯೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಸಮಯ ಸಿಗುತ್ತದೆ. ಆದ್ದರಿಂದ ಈ ಸಲ ಉದ್ದವಾಗಿ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ತಮ್ಮ ಆದೇಶದ ಮೊದಲ ವಾಕ್ಯವೇ ಕಣ್ಣಲ್ಲಿ ನೀರು ತರಿಸುವಂತಿದೆ: "ಆರ್ಥಿಕವಾಗಿ ದುರ್ಬಲರಾದ ವಿದ್ಯಾರ್ಥಿನಿಯರನ್ನು ಮೇಲಕ್ಕೆತ್ತುವ ಸದುದ್ದೇಶದಿಂದ..." ಓದಿ ಬಹಳ ಹೊತ್ತು ಯೋಚಿಸಿದೆ. ಓದಿ ಮೇಲೆ ಬರುವುದು ಎಂಬ ಮಾತಿಗೆ ನಾವು ಇಷ್ಟು ಕಾಲ ಬೇರೇನೋ ಅರ್ಥ ತಿಳಿದುಕೊಂಡಿದ್ದೆವು. ಗುಡಿಸಲಿನಿಂದ ಹೆಂಚಿನ ಮನೆಗೆ, ಕೂಲಿಯಿಂದ ಸಂಬಳಕ್ಕೆ ಎಂದು. ತಾವು ಅದನ್ನು ಭೂಗೋಳದ ಮಾತೆಂದು ಹಿಡಿದಿರಿ. ಬಡವರ ಮಕ್ಕಳು ಮೇಲೆ ಬರಬೇಕೆ? ಗುಡ್ಡ ಇದೆಯಲ್ಲ, ಬರಲಿ! ಇಷ್ಟು ಸುಲಭದ ಉಪಾಯ ಸ್ವಾತಂತ್ರ್ಯ ಬಂದ ದಿನದಿಂದ ಯಾವ ಸರ್ಕಾರಕ್ಕೂ ಹೊಳೆಯದೆ ಹೋದದ್ದು ಆಶ್ಚರ್ಯ. ಚಿತ್ರದುರ್ಗದ ಸೀಮೆಯಲ್ಲಿ ಗುಡ್ಡಗಳಿಗೇನು ಬರವೇ? ಒಂದೊಂದು ತಾಲ್ಲೂಕಿನ ಬಡತನವನ್ನು ಒಂದೊಂದು ಗುಡ್ಡಕ್ಕೆ ಹತ್ತಿಸಿಬಿಟ್ಟಿದ್ದರೆ ಕೆಲಸ ಎಂದೋ ಮುಗಿಯುತ್ತಿತ್ತು.

ನಾನು ಆ ಬಸ್‌ಸ್ಟ್ಯಾಂಡ್ ಕಾಲೇಜಿನ ಬಿ.ಕಾಂ. ನಮ್ಮವ್ವ ನಿಂಗಕ್ಕ ಪಕ್ಕದ ಮಂಡಿಯಲ್ಲಿ ಸುಲಿದ ಕಾಯಿಗಳನ್ನು ದಪ್ಪ, ಸಣ್ಣ ಎಂದು ಆರಿಸುವ ಕೂಲಿಗೆ ಹೋಗುತ್ತಿದ್ದಳು. ನಡುವೆ ಒಂದು ಮೋಟುಗೋಡೆ. ನಮ್ಮ ಪಾಠ ಅವಳಿಗೆ ಕೇಳುತ್ತಿತ್ತು, ಅವರ ಬೈಗುಳ ನಮಗೆ ಕೇಳುತ್ತಿತ್ತು. ಎರಡರಿಂದಲೂ ನಾನು ಕಲಿತೆ. ಒಂದು ಸಂಜೆ ಅವ್ವ ಕೇಳಿದಳು, "ಅದೇನೇ ಅದು ಸವಕಳಿ? ಬೆಳಗ್ಗಿಂದ ನಿಮ್ ಮೇಷ್ಟ್ರು ಅದ್ನೇ ಹೇಳ್ತಿದ್ರಲ್ಲ." ಬಳಸಿ ಬಳಸಿ ವಸ್ತು ಸವೆದು ಬೆಲೆ ಕಳೆದುಕೊಳ್ಳುವುದವ್ವ ಎಂದೆ. "ಅಂಗಾದ್ರೆ ನನ್ ಮಂಡಿಗೆ ಆಗಿರೋದು ಅದೇ ಬಿಡು" ಎಂದು ಮೊಣಕಾಲು ಒತ್ತಿಕೊಂಡಳು. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ, ಸಂಜೆ ಅವ್ವನ ಜೊತೆ ಮನೆಗೆ. ಹೀಗೇ ಡಿಗ್ರಿ ಆಯಿತು. ಈಗ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ; ಅವ್ವನ ಮಂಡಿಯ ಕೆಲಸ ಬಿಡಿಸಿದ್ದೇನೆ, ಮಂಡಿಗೆ ಔಷಧಿ ಕೊಡಿಸುತ್ತಿದ್ದೇನೆ. ಬ್ಯಾಂಕಿಗೆ ಹೋದರೆ ಬಾಗಿಲಲ್ಲಿ ನಿಲ್ಲದೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಆ ಕುರ್ಚಿಗೆ ಕೈ ಹಾಕುವ ಧೈರ್ಯ ಯಾವ ಪಠ್ಯಪುಸ್ತಕದಲ್ಲಿತ್ತೋ ಹೇಳಲಾರೆ. ಆ ಕಾಲೇಜು ಬಸ್ಸಿನ ಬಾಗಿಲಿಗೂ ಕೂಲಿಯ ಜಾಗಕ್ಕೂ ಹತ್ತಿರವಿರದಿದ್ದರೆ ಆ ಪುಸ್ತಕವನ್ನೇ ನಾನು ಕಾಣುತ್ತಿರಲಿಲ್ಲ ಎಂದಷ್ಟೇ ಬಲ್ಲೆ.

ಇನ್ನು ಹಾಜರಿಯ ವಿಷಯ. ನಮ್ಮ ವಾಣಿಜ್ಯದ ಮೇಷ್ಟ್ರು ಏಕಾಂತಪ್ಪನವರು ಮೊದಲಿಂದಲೂ ಹಾಜರಿ ಕರೆಯುವುದು ಹೆಸರು ಹಿಡಿದಲ್ಲ, ಬಸ್ಸು ಹಿಡಿದು. "ಧರ್ಮಪುರ ಬಂತೇನ್ರಮ್ಮ?" "ಬಂತು ಸಾರ್." "ಯರಬಳ್ಳಿ?" "ಬಂದೈತೆ ಸಾರ್." ಬಸ್ಸು ಬಂದರೆ ಆ ದಾರಿಯ ಹುಡುಗಿಯರೆಲ್ಲ ಬಂದರೆಂದೇ ಲೆಕ್ಕ, ಬಂದೂ ತಪ್ಪಿಸಿಕೊಂಡವಳು ಯಾರೆಂದು ಅವರಿಗೆ ಒಂದು ನೋಟದಲ್ಲಿ ಗೊತ್ತಾಗುತ್ತಿತ್ತು. ಬಸ್ಸು ಕೆಟ್ಟು ನಿಂತರೆ, "ಇವತ್ತು ಬಸ್ಸಿಗೆ ಜ್ವರ" ಎಂದು ನಕ್ಕು, ಆ ದಿನದ ಪಾಠವನ್ನು ಅವರು ಬಂದ ಮೇಲೆ ಇನ್ನೊಮ್ಮೆ ಮಾಡುತ್ತಿದ್ದರು. ಬಡವರ ಮಕ್ಕಳನ್ನು ಕಾಲೇಜು ಮೇಲಕ್ಕೆತ್ತುವುದು ಹೇಗೆಂದು ತಾವು ಸಮಿತಿ ನೇಮಿಸಿದ್ದೀರೆಂದು ಕೇಳಿದೆ. ಹೀಗೆ, ಸ್ವಾಮಿ. ಬಸ್ಸು ಬರುವ ತನಕ ಕಾದು.

ತಾವು ತಪಾಸಣೆಗೆ ಬಂದ ದಿನ ನಡೆದದ್ದನ್ನು ನನಗೆ ಹೇಳಿದವಳು ಓಬಕ್ಕ. ಓಬಕ್ಕ ಯಾರೆಂದರೆ, ಐಮಂಗಲದ ದಾರಿಯ ಕುರಿಗಾಹಿ ಗೊಲ್ಲಪ್ಪನವರ ಮಗಳು, ಬಿ.ಕಾಂ. ಕೊನೆಯ ವರ್ಷ. ಅಜ್ಜಿಯ ಹೆಸರನ್ನೇ ಇಟ್ಟಿದ್ದಾರೆ. ಬೆಳಗ್ಗೆ ಕಾಲೇಜು, ಮಧ್ಯಾಹ್ನ ನಮ್ಮ ಮನೆಯಲ್ಲಿ ನನ್ನ ಕೂಸನ್ನು ನೋಡಿಕೊಳ್ಳುವ ಕೆಲಸ, ಸಂಜೆ ಬಸ್ಸಿಗೆ ಊರು. ಅವಳು ಬಂದರೆ ನಾನು ಕೆಲಸಕ್ಕೆ ಹೋಗಬಲ್ಲೆ. ನಾನು ಕೆಲಸಕ್ಕೆ ಹೋದರೆ ಅವಳ ಓದು ನಡೆಯುತ್ತದೆ. ನನ್ನ ಸ್ವಾರ್ಥವೂ ಈ ಪತ್ರದಲ್ಲಿದೆ, ಮುಚ್ಚಿಡುವುದಿಲ್ಲ.

ಅಂದು ತಾವು ಹಿಂದಿನ ಬೆಂಚಿನಲ್ಲಿ ಕೂತಿದ್ದಿರಿ. ಮೇಷ್ಟ್ರು ಎಂದಿನಂತೆ ಕೇಳಿದರು, "ಐಮಂಗಲ?" ಇನ್ನೊಂದು ಬಸ್ಸು ಹತ್ತಿ ಮುಂದಾಗಿ ಬಂದಿದ್ದ ಓಬಕ್ಕ ಎದ್ದು, "ಇನ್ನೂ ಬಂದಿಲ್ಲ ಸಾರ್. ದಾರಿಯಾಗೆ ನಿಂತೈತೆ" ಎಂದಳು. ತಾವು ತಕ್ಷಣ ಪೆನ್ನು ತೆಗೆದಿರಿ. ದೂರದೂರಿನವರು ತಾವು, ಐಮಂಗಲವೆಂಬುದು ಹೆದ್ದಾರಿಯ ಬದಿಯ ಊರು ಎಂದು ತಿಳಿಯದಿದ್ದುದು ತಪ್ಪಲ್ಲ. ಕಪ್ಪು ಗಾಜಿನ ಕಾರಿಗೆ ಊರಿನ ಫಲಕಗಳು ಕಾಣುವುದಿಲ್ಲ. ಮಂಗಳಾ, ಸುಮಂಗಲಾ ಇರುವಾಗ ಐಮಂಗಲಾ ಯಾಕಿರಬಾರದು? ಮೇಲಾಗಿ ನಮ್ಮ ಕಡೆಯ ಮಾತೂ ತಮ್ಮ ದಾರಿ ತಪ್ಪಿಸಿತು. ನಮ್ಮಲ್ಲಿ ಬಸ್ಸು ಬಂದರೂ "ಬಂದೈತೆ", ಮನೆಮಗಳು ಬಂದರೂ "ಬಂದೈತೆ". ಹೆಣ್ಣುಮಕ್ಕಳಿಗೂ ಬಸ್ಸಿಗೂ ನಮ್ಮ ವ್ಯಾಕರಣ ಒಂದೇ. ಏಕಾಂತಪ್ಪನವರು "ಸಾರ್, ಐಮಂಗಲ ಅಂದರೆ..." ಎಂದು ಎದ್ದರು. "ದಾರಿ ತಪ್ಪಿದ ವಿದ್ಯಾರ್ಥಿನಿಯನ್ನು ಸಮರ್ಥಿಸಬೇಡಿ" ಎಂದು ಕೂರಿಸಿದಿರಿ. ಅವಳ ಪೋಷಕರನ್ನು ಕರೆತರಲು ಜವಾನನನ್ನು ಅಟ್ಟಿದಿರಿ.

ಜವಾನ ಪಾಲಯ್ಯ ಇನ್ನೇನು ಮಾಡಿಯಾನು? ಆಗತಾನೆ ಬಂದು ನಿಂತಿದ್ದ ಐಮಂಗಲದ ಬಸ್ಸಿಗೆ ಹೋಗಿ ಡ್ರೈವರ್ ಬೋರಪ್ಪನವರಿಗೆ, "ಸಾಹೇಬ್ರು ಐಮಂಗಲದ ಜವಾಬ್ದಾರಿ ಇರೋರ್ನ ಕರೀತಾವ್ರೆ, ಬರ್ರಿ" ಎಂದ. ಬೋರಪ್ಪ ಕ್ಯಾಪು ಕಂಕುಳಲ್ಲಿಟ್ಟುಕೊಂಡು ತಾವು ಕೂತಿದ್ದ ಆಫೀಸು ರೂಮಿಗೆ ಬಂದರು. ಕಿಟಕಿಯಾಚೆ ಇಡೀ ಕ್ಲಾಸು ನಿಂತು ಕೇಳಿದ ಮಾತುಕತೆ ಇದು, ತಪ್ಪಿದ್ದರೆ ತಿದ್ದಬೇಕು.

"ಐಮಂಗಲಾನ ದಿನಾ ಕರೆದುಕೊಂಡು ಬರುವವರು ನೀವೇನಾ?"

"ನಾನೇ ಸಾರ್. ಬಾಳ ವರ್ಷಾತು."

"ಯಾಕೆ ಇಷ್ಟು ತಡ?"

"ಬೆಳಗ್ಗೆ ಬ್ಯಾಗ ಏಳಲ್ಲ ಸಾರ್ ಅದು. ಚಳಿಗಾಲದಾಗಂತೂ ನಾಕು ಜನ ಸೇರಿ ನೂಕಬೇಕು."

"ನೂಕೋದೇನ್ರೀ! ಪ್ರೀತಿಯಿಂದ ನೋಡಿಕೊಳ್ಳಬೇಕು."

"ಪ್ರೀತಿಯಿಂದ್ಲೇ ನೂಕ್ತೀವಿ ಸಾರ್."

"ಕೆಟ್ಟ ಚಟ ಏನಾದರೂ?"

ಬೋರಪ್ಪ ತಲೆ ಕೆರೆದುಕೊಂಡರು. "ನಿಮ್ ಹತ್ರ ಸುಳ್ಳ್ಯಾಕೆ. ಹೊಗೆ ಬಿಡ್ತೈತೆ. ಎಣ್ಣೆನೂ ಸ್ವಲ್ಪ ಜಾಸ್ತಿನೇ ಕುಡಿತೈತೆ."

ತಾವು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿರಂತೆ. "ಅಯ್ಯೋ, ತಾಯಿ ಇಲ್ಲವಾ ಅವಳಿಗೆ?"

"ಅದಕ್ಕೆಲ್ಲಿಯ ತಾಯಿ ಸಾರ್? ನಾನು, ಕಂಡಕ್ಟರ್ ಮೂರ್ತಪ್ಪ, ನಾವೇ ಎಲ್ಲ."

"ತಾಯಿ ಅನ್ನಿಸಿಕೊಂಡವರು ಯಾರಾದರೂ ಬಂದು ನನ್ನನ್ನು ಕಾಣದೆ ಇದ್ದರೆ ಅವಳ ಹೆಸರು ಹೊಡೆದುಹಾಕುತ್ತೇನೆ, ಹೋಗಿ."

ಬೋರಪ್ಪ ಬಾಗಿಲ ತನಕ ಹೋದವರು ತಿರುಗಿ ನಿಂತರು. "ಒಂದು ಮಾತು ಸಾರ್. ಬೇಕಾದ್ದು ಮಾಡ್ರಿ, ಅದನ್ನ ಆ ಹೊಸ ಕಾಲೇಜಿನ ಗುಡ್ಡಕ್ಕೆ ಮಾತ್ರ ಹತ್ತಿಸಬ್ಯಾಡ್ರಿ. ಅರ್ಧಕ್ಕೇ ನಿಂತ್ಕಂತೈತೆ."

ಇಡೀ ತಪಾಸಣೆಯಲ್ಲಿ ತಮ್ಮ ಕಿವಿಗೆ ಬಿದ್ದ ಸತ್ಯ ಅದೊಂದೇ. ಅದನ್ನು ತಾವು "ವಿದ್ಯಾರ್ಥಿನಿಯ ಆರೋಗ್ಯವೂ ಸರಿಯಿಲ್ಲ" ಎಂದು ಬರೆದುಕೊಂಡಿರಿ.

ಇಷ್ಟಕ್ಕೆ ನಿಂತಿದ್ದರೆ ನಕ್ಕು ಮಲಗಬಹುದಿತ್ತು. ನಾನು ಹೇಗೂ ಮಲಗುವುದಿಲ್ಲ, ನಗಬಹುದಿತ್ತು. ಆದರೆ ಮುಂದಿನ ವಾರವೇ ಆದೇಶ ಬಂತು. ಬಸ್ ನಿಲ್ದಾಣದ ಸಹವಾಸದಿಂದ ವಿದ್ಯಾರ್ಥಿನಿಯರಲ್ಲಿ ಧೂಮಪಾನ, ಮದ್ಯಪಾನ ಹಬ್ಬುತ್ತಿರುವುದರಿಂದ, ಮುಂದಿನ ವರ್ಷ ಆಗಬೇಕಿದ್ದ ಸ್ಥಳಾಂತರ ಈಗಲೇ ಆಗತಕ್ಕದ್ದು. ಮೇಷ್ಟ್ರು ಕೂಗಿ ಹಾಜರಿ ಕರೆಯುವ ಪದ್ಧತಿ ರದ್ದು. ಹೊಸ ಕಟ್ಟಡದ ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ; ಬೆಳಗ್ಗೆ ಒಂಬತ್ತು ದಾಟಿದರೆ ಅದು ಯಾರ ಮುಖವನ್ನೂ ನೋಡುವುದಿಲ್ಲ. ಹಾಜರಿ ಇಲ್ಲದಿದ್ದರೆ ವಿದ್ಯಾರ್ಥಿವೇತನವಿಲ್ಲ, ಪರೀಕ್ಷೆಗೂ ಕೂರಿಸುವುದಿಲ್ಲ. ಒಂದು ಬಸ್ಸು ಹೊಗೆ ಬಿಟ್ಟ ತಪ್ಪಿಗೆ ಒಂದು ಕಾಲೇಜಿನ ಹುಡುಗಿಯರಿಗೆಲ್ಲ ಶಿಕ್ಷೆ.

ಹೊಸ ಕಟ್ಟಡವನ್ನು ನೋಡದೆ ಮಾತಾಡುತ್ತಿದ್ದೇನೆ ಎನ್ನಬೇಡಿ. ಕೂಸನ್ನು ಎತ್ತಿಕೊಂಡು ಹೋಗಿ ಬಂದೆ. ಹೈವೇಯಲ್ಲಿ ಇಳಿದು, ಲಾರಿಗಳ ನಡುವೆ ರಸ್ತೆ ದಾಟಿ, ಜಾಲಿ ಗಿಡಗಳ ನಡುವಿನ ಮಣ್ಣುದಾರಿಯಲ್ಲಿ ಏರಿದೆ. ಒಂದು ಅಂಗಡಿ ಇಲ್ಲ, ಒಂದು ಮನೆ ಇಲ್ಲ, ಕೂಗಿದರೆ ಓ ಎನ್ನುವವರಿಲ್ಲ. ಕಟ್ಟಡ ಚೆನ್ನಾಗಿದೆ, ಅನ್ಯಾಯ ಹೇಳಬಾರದು. ಶೌಚಾಲಯದಲ್ಲಿ ನೀರು ಬರುತ್ತದೆ. ಅದಕ್ಕೆ ನಾನು ಕೈ ಮುಗಿಯುತ್ತೇನೆ, ಯಾಕೆಂದರೆ ಹಳೆಯ ಕಾಲೇಜಿನಲ್ಲಿ ನಾವು ಮೂರು ವರ್ಷ ನೀರು ಕುಡಿಯದೆ ಓದಿದವರು. ಮುಂದಿನ ಗೋಡೆಯ ಮೇಲೆ ದೊಡ್ಡದೊಂದು ಏಣಿ ಬರೆಸಿದ್ದೀರಿ, ಅದನ್ನು ಹತ್ತುತ್ತಿರುವ ಎರಡು ಜಡೆಯ ಹುಡುಗಿ. ಚಿತ್ರ ಸೊಗಸಾಗಿದೆ. ಆದರೆ ಏಣಿಯ ಕೆಳಗಿನ ಮೆಟ್ಟಿಲುಗಳು ಇರಬೇಕಾದ ಜಾಗದಲ್ಲಿ ಉದ್ಘಾಟನೆಯ ಕಲ್ಲು ಕೂರಿಸಿದ್ದೀರಿ. ಆ ಹುಡುಗಿ ನಡುವಿನ ಮೆಟ್ಟಿಲಿಗೆ ಹೇಗೆ ಬಂದಳೋ ತಿಳಿಯಲಿಲ್ಲ. ಬಹುಶಃ ಸ್ವಂತ ಕಾರಿನಲ್ಲಿ.

ಆದೇಶದ ಸುದ್ದಿ ಕೇಳಿದ ಗೊಲ್ಲಪ್ಪನವರು ಮೊನ್ನೆ ನಮ್ಮ ಮನೆಗೇ ಬಂದಿದ್ದರು. ಒಳಗೆ ಬನ್ನಿ ಎಂದರೆ ಹೊಸಿಲಾಚೆಯೇ ಕಂಬಳಿ ಹಾಸಿ ಕೂತರು. "ಬ್ಯಾಸರ ಮಾಡ್ಕಬ್ಯಾಡಮ್ಮ. ಸೋಮವಾರದಿಂದ ಓಬಿನ ಕಳ್ಸಲ್ಲ" ಎಂದರು. ಇನ್ನೊಂದೇ ಪರೀಕ್ಷೆ ಉಳಿದಿದೆ, ಹೀಗೆ ಮಾಡಬೇಡಿ ಎಂದೆ. "ಬಸ್ಸು ಕಾಲೇಜಿನ ಬಾಗ್ಲಿಗೆ ಬಿಡ್ತಿತ್ತು, ಬೋರಪ್ಪ ನೋಡ್ಕಂತಿದ್ದ, ಕಳ್ಸ್ದೆ. ಈಗ ಬಟಾಬಯಲಾಗೆ ಇಳಿದು ಗುಡ್ಡ ಹತ್ತು ಅಂದ್ರೆ? ನಾವು ಕುರಿನ ಗುಡ್ಡಕ್ಕೆ ಬಿಟ್ರೂ ಹಿಂದೆ ಒಬ್ಬರು ಹೋಗ್ತೀವಿ ಕಣಮ್ಮ." ಇದಕ್ಕೆ ತಮಗೊಂದು ಉತ್ತರ ಹೊಳೆದರೆ ಅವರಿಗೆ ತಿಳಿಸಿ.

ಅಪ್ಪ ಹೋದ ಮೇಲೆ ಓಬಕ್ಕ ತೊಟ್ಟಿಲು ತೂಗುತ್ತಾ ಅಂದಳು, "ಅಕ್ಕ, ನನ್ ಹೆಸರು ಹೊಡೆದ್ರೆ ಒಂದು ಲೆಕ್ಕ. ಅವರು ಬಸ್ಸಿನ ಹೆಸರು ಹೊಡೆದವ್ರೆ. ನಾವೆಲ್ಲ ಅದರಾಗೇ ಕುಂತಿದ್ವಲ್ಲ." ಆಮೇಲೆ ಅತ್ತದ್ದನ್ನು ಬರೆಯುವುದಿಲ್ಲ, ಅದು ತಮ್ಮ ಕಡತಕ್ಕೆ ಬೇಕಿಲ್ಲ. ನಾನು ಆ ಕಾಲೇಜಿನಿಂದ ಹೊರಬಿದ್ದು ಸಂಬಳ ಕಂಡೆ, ಆ ಸಂಬಳದಲ್ಲಿ ಓಬಕ್ಕನಿಗೆ ಒಂದು ಪಾಲು ಸಂದಿತು, ಅವಳು ಹೊರಬಿದ್ದರೆ ಅವಳ ತಂಗಿಯರಿಗೆ. ಆರ್ಥಿಕ ಉನ್ನತಿ ಎಂದು ತಾವು ಭಾಷಣದಲ್ಲಿ ಹೇಳುವುದು ಇದನ್ನೇ ಅಲ್ಲವೆ? ಇದು ನಡೆಯುತ್ತಿತ್ತು ಸ್ವಾಮಿ, ಕೆಮ್ಮುತ್ತಾ, ಹೊಗೆ ಬಿಡುತ್ತಾ, ಆಗಾಗ ನಾಲ್ಕು ಜನರಿಂದ ನೂಕಿಸಿಕೊಳ್ಳುತ್ತಾ. ನಡೆಯುತ್ತಿದ್ದುದನ್ನು ನಿಲ್ಲಿಸಿ ತಾವು ಏಣಿಯ ಚಿತ್ರ ಬರೆಸಿದಿರಿ.

ನನ್ನ ಬೇಡಿಕೆ ದೊಡ್ಡದಲ್ಲ. ಮೊದಲು ಬಸ್ಸು ಆ ಗುಡ್ಡ ಹತ್ತಲಿ, ಆಮೇಲೆ ಕಾಲೇಜು ಹತ್ತಲಿ. ಗೇಟಿನ ತನಕ ಟಾರು ಹಾಕಿಸಿ, ಅಲ್ಲಿ ತಂಗುದಾಣ ಕಟ್ಟಿಸಿ, ಬೆಳಗ್ಗೆ ಬಿಡುವ ಬಸ್ಸೇ ಮಧ್ಯಾಹ್ನ ಬಂದು ಕರೆದೊಯ್ಯಲಿ. ಅಲ್ಲಿಯವರೆಗೆ ಕ್ಲಾಸು ಬಸ್‌ಸ್ಟ್ಯಾಂಡಿನ ಹಿಂದೆಯೇ ನಡೆಯಲಿ, ಏಕಾಂತಪ್ಪನವರು ಬಸ್ಸು ಹಿಡಿದೇ ಹಾಜರಿ ಕರೆಯಲಿ. ಸೋಮವಾರಕ್ಕೆ ಮೊದಲು ಆದೇಶ ಹಿಂದಕ್ಕೆ ಬರಬೇಕು; ಮಂಗಳವಾರ ಬಂದರೆ ಅದು ಓಬಕ್ಕನ ಉಪಯೋಗಕ್ಕೆ ಬರುವುದಿಲ್ಲ. ಅಂಥದೇ ನೀರು ಬರುವ ಶೌಚಾಲಯ ಇಲ್ಲೂ ಒಂದು ಕಟ್ಟಿಸಿದರೆ ಬೇಡ ಎನ್ನುವುದಿಲ್ಲ.

ಕೊನೆಗೊಂದು ವಿಷಯ. ಐಮಂಗಲಳ ತಾಯಿ ಬಂದು ಕಾಣಬೇಕೆಂದು ತಾವು ಹೇಳಿ ಕಳಿಸಿದ್ದಿರಿ. ಬೋರಪ್ಪ ಡಿಪೋದಲ್ಲೆಲ್ಲ ವಿಚಾರಿಸಿದರಂತೆ, ಯಾರೂ ಸಿಗಲಿಲ್ಲ. ಆದರೆ ನಮ್ಮ ಮನೆಯಲ್ಲಿ ಓಬಕ್ಕ ನನ್ನ ಮಗಳನ್ನು ಈಚೆಗೆ ಆ ಹೆಸರಿನಿಂದಲೇ ಕರೆಯುತ್ತಿದ್ದಾಳೆ. "ಇದೂ ಬ್ಯಾಗ ಏಳಲ್ಲ, ಇದೂ ಕುಂತ ಕಡೆ ಕುಂತ್ಕಂತೈತೆ, ಹಿಂದಿಂದ ನೂಕಿದ್ರೇನೇ ಮುಂದಕ್ಕೆ. ನಮ್ ಐಮಂಗಲ ಇದು" ಎನ್ನುತ್ತಾಳೆ. ಹಾಗಾಗಿ ನಾನೇ ಬರುತ್ತೇನೆ. ಸೋಮವಾರ ಬೆಳಗ್ಗೆ ಆ ಗುಡ್ಡದ ಮೇಲಿನ ಗೇಟಿನಲ್ಲಿ, ಮಗಳನ್ನು ಎತ್ತಿಕೊಂಡು, ಬಸ್ಸು ಬರುವ ದಾರಿ ನೋಡುತ್ತಾ ನಿಂತಿರುತ್ತೇನೆ. ನಾಳೆ ಅವಳೂ ಕಾಲೇಜಿಗೆ ಬರಬೇಕಾದವಳು. ಈಗಲೇ ಹೆಸರು ಹೊಡೆಯಬೇಡಿ.

ಇಂತಿ, ತಮ್ಮ ಕರೆಗೆ ತಡವಾಗಿ ಓಗೊಟ್ಟ,
ಐಮಂಗಲಳ ತಾಯಿ
(ಬಿ.ಕಾಂ., ಬಸ್‌ಸ್ಟ್ಯಾಂಡ್ ಕಾಲೇಜು)
ಹಿರಿಯೂರು